ತೊಳೆಯಬಾರದ ಮಡಕೆ

ಕೇರಿಯ ಮುತ್ತಮ್ಮ ಹದಿನೆಂಟು ವರ್ಷ ಕಲಸಿದ, ಗುಡುಗುಡಿಯಲ್ಲಿ ಸೇದುವ ಗುಡಾಕನ್ನು ಅಪ್ಪಯ್ಯಣ್ಣ ತನ್ನ ಹೆಂಡತಿ ಲಕ್ಷ್ಮೀದೇವಮ್ಮ ಕಲಸಿದ್ದೆಂದು ಊರಿಗೆ ಹೇಳಿದ. ಊರು ನಂಬಿತು.

ಈಗ ಅಪ್ಪಯ್ಯಣ್ಣನ ಮನೆಯ ಜಗಲಿಯ ಮೇಲೆ ಗುಡುಗುಡಿಯ ಸದ್ದು ನಿಂತುಹೋಗಿತ್ತು. ಕೊಟ್ಟಿಗೆಯಲ್ಲಿ ಬೆರಣಿ ತಟ್ಟುತ್ತಿದ್ದ ಮುತ್ತಮ್ಮನ ಕೈಯೂ ನಿಂತಿತು. ಜಗಲಿಗೂ ಕೊಟ್ಟಿಗೆಗೂ ನಡುವೆ ಒಂದೇ ಒಂದು ಮಣ್ಣಿನ ಗೋಡೆ. ಮೊದಲ ಮೂರು ಎಳೆತಕ್ಕೆ ತೆಂಗಿನ ಚಿಪ್ಪಿನೊಳಗಿನ ನೀರು ಗುಡುಗುಡು ಎನ್ನಬೇಕು, ನಾಲ್ಕನೆಯದಕ್ಕೆ ಜಗಲಿಯ ಮೇಲೆ ಯಾರೂ ಉಸಿರೆತ್ತದಂಥ ಮೌನ ಬರಬೇಕು. ಇಷ್ಟು ವರ್ಷ ಹಾಗೇ ನಡೆದಿತ್ತು. ಇವತ್ತು ಬಂದದ್ದು ಕೆಮ್ಮು.

"ಇದು ಸತ್ತೈತೆ ಕಣಪ್ಪಾ." ಅದು ಮುನಿವೆಂಕಟಪ್ಪನ ದನಿ. ಅಪ್ಪಯ್ಯಣ್ಣನ ಸೋದರಮಾವ, ಎಪ್ಪತ್ತರ ಮುದುಕ. ಕಣ್ಣಿಗೆ ಪೊರೆ ಬಂದ ಮೇಲೆ ಬಂದವರು ಯಾರೆಂದು ಮೂಗಿನಲ್ಲೇ ಹೇಳುತ್ತಿದ್ದ.

"ಸತ್ತೈತೆ ಅಂದ್ರೆ ಏನ್ ಮಾವಾ? ಹೊಗೆಸೊಪ್ಪು ಅದೇ, ಬೆಲ್ಲ ಅದೇ, ಬಾಳೆಹಣ್ಣು ಅದೇ. ನಮ್ಮನೇಲೇ ಕಲ್ಸಿದ್ದು," ಅಪ್ಪಯ್ಯಣ್ಣ ಹೇಳಿದ.

"ಹೆಣಕ್ಕೂ ಕೈ ಅದೇ, ಕಾಲು ಅದೇ. ಜೀವ ಎಲ್ಲೋಯ್ತು ಹೇಳು."

ದಾಯಾದಿ ರಾಮಾಂಜಿನಪ್ಪ ನಕ್ಕ. ಜರ್ಮನಿಯ ಯುದ್ಧ ಶುರುವಾದ ಮೇಲೆ ಬೆಂಗಳೂರಿನ ಮಿಲಿಟರಿ ಕುದುರೆಗಳಿಗೆ ಹುಲ್ಲು ಸಾಗಿಸಿ ನಾಲ್ಕು ಜನರೆದುರು ದೊಡ್ಡ ದನಿಯಲ್ಲಿ ಮಾತಾಡುವುದನ್ನು ಕಲಿತಿದ್ದವನು. "ಅತ್ತಿಗೆಮ್ಮ ಮುನಿಸ್ಕೊಂಡು ಕಲ್ಸವ್ರೆ ಅಂತ ಕಾಣ್ತದೆ. ಏನಣ್ಣಾ, ಹಬ್ಬಕ್ಕೆ ಸೀರೆ ತರ್ಲಿಲ್ವಾ? ಮಾವಾ, ಅದ್ ಬುಡು, ತಗಾ, ಸೋಲ್ಜರ್ ಸಿಗರೇಟು ಸೇದು."

"ಅದು ತೆಂಗಿನ ಗರಿ ಸುಟ್ಟಂಗಿರ್ತೈತೆ. ನೀನೇ ಸೇದ್ಕೊ." ಮುದುಕ ಗುಡುಗುಡಿಯ ಕೊಳವೆಯನ್ನು ಕೆಳಗಿಟ್ಟ ಸದ್ದು ಗೋಡೆಯಾಚೆಗೂ ಕೇಳಿಸಿತು. "ನಾಳೆ ಬತ್ತೀನಿ. ಹಳೇದಿದ್ರೆ ಕೊಡು. ಇಲ್ದಿದ್ರೆ ನಿಜ ಹೇಳು. ಈ ಕೈ ಬೇರೆ, ಆ ಕೈ ಬೇರೆ."

ಮುತ್ತಮ್ಮ ಸಗಣಿಯ ಕೈಯನ್ನೇ ನೋಡುತ್ತ ಕೂತಳು.

ಗುಡಾಕೆಂದರೆ ಬರೀ ಹೊಗೆಸೊಪ್ಪಲ್ಲ. ಸೊಪ್ಪನ್ನು ಒರಳಲ್ಲಿ ಕುಟ್ಟಿ, ಜೋನಿಬೆಲ್ಲ ಕಾಸಿ ಸುರಿದು, ಕಳಿತು ಕಪ್ಪಾದ ಬಾಳೆಹಣ್ಣು, ಹಲಸಿನ ತೊಳೆ, ಲಾವಂಚದ ಬೇರಿನ ಪುಡಿ ಸೇರಿಸಿ ಮೊಣಕೈ ಕಪ್ಪಾಗುವ ತನಕ ನಾದಬೇಕು. ಮಡಕೆಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಸಗಣಿ ಮೆತ್ತಿ ಮೂರು ತಿಂಗಳು ತಿಪ್ಪೆಯ ಕಾವಿನಲ್ಲಿ ಹೂಳಬೇಕು. ಮಡಕೆಯನ್ನು ಮಾತ್ರ ಯಾವತ್ತೂ ತೊಳೆಯಬಾರದು. ಹಳೆಯದರ ಒಂದು ಹಿಡಿಯನ್ನು ತಳದಲ್ಲಿ ಬಿಟ್ಟು ಅದರ ಮೇಲೇ ಹೊಸದನ್ನು ತುಂಬಬೇಕು. ಆ ಒಂದು ಹಿಡಿಯನ್ನು ಮುತ್ತಮ್ಮನ ಅತ್ತೆ ಪಾಪಮ್ಮ 'ತಾಯಿ' ಅನ್ನುತ್ತಿದ್ದಳು. ಮಡಕೆ ಒಡೆದರೆ ಇರಲಿ ಎಂದು ಪ್ರತಿ ಸಲವೂ ಚೂರು ತಾಯಿಯನ್ನು ಕೇರಿಯ ತಮ್ಮ ಗುಡಿಸಲಿಗೆ ಒಯ್ದು ಒಂದು ಕುಡಿಕೆಯಲ್ಲಿ ಮುಚ್ಚಿಡುತ್ತಿದ್ದಳು. ಮುತ್ತಮ್ಮನೂ ಹಾಗೇ ಮಾಡಿಕೊಂಡು ಬಂದಿದ್ದಳು.

ಒಣಸೊಪ್ಪನ್ನು ಕೇರಿಯವರು ಮುಟ್ಟಿದರೆ ಊರಿಗೆ ಮೈಲಿಗೆಯಿಲ್ಲ. ನೀರು ಸೋಕಿತೋ, ಪಾಕ ಸೋಕಿತೋ, ಮೈಲಿಗೆ. ಗುಡಾಕು ಪೂರಾ ಪಾಕದ್ದು. ಅದಕ್ಕೇ ಅವಳು ಕಲಸುವ ದಿನ ಕೊಟ್ಟಿಗೆಯ ಬಾಗಿಲು ಹಾಕಿರುತ್ತಿತ್ತು.

ಆದರೆ ಗೋಡೆಗೆ ಕಿವಿಯಿಟ್ಟರೆ ಕೇಳಿಸುತ್ತಿತ್ತಲ್ಲ! ಮಡಕೆ ತೆಗೆದ ಮೊದಲ ವಾರ ಅವರು, "ಖಾರ, ಗಂಟ್ಲು ಹಿಡೀತದೆ," ಅನ್ನುತ್ತಿದ್ದರು. ತಿಂಗಳಾದ ಮೇಲೆ ಅವರೇ, "ಆಲೆಮನೇಲಿ ಕೂತಂಗೈತೆ," ಅನ್ನುತ್ತಿದ್ದರು. ಇನ್ನೊಂದು ತಿಂಗಳಿಗೆ ಒಬ್ಬನಿಗೆ ನೆಲದೊಳಗಿನ ಹಗೇವಿನ ಬಾಯಿ ತೆಗೆದಾಗ ಏಳುವ ಹಳೇ ರಾಗಿಯ ಬಿಸಿ, ಇನ್ನೊಬ್ಬನಿಗೆ ಕೆರೆಯಂಗಳಕ್ಕೆ ಮೊದಲ ಹನಿ ಬಿದ್ದ ವಾಸನೆ. ಅದೇ ಮಡಕೆ, ಅದೇ ಮುದ್ದೆ. ಒಂದು ದಿನ ಹೇಳಿದ್ದನ್ನು ಇನ್ನೊಂದು ದಿನ ಹೇಳುತ್ತಿರಲಿಲ್ಲ. ಒಂದು ಸಲ ಮುನಿವೆಂಕಟಪ್ಪ, "ನಮ್ಮವ್ವ ತಲೆಗೆ ಹರಳೆಣ್ಣೆ ಹಚ್ಕೊಂಡು ಬಿಸ್ಲಲ್ಲಿ ಕೂತಿರೋಳು. ಅವಳು ಬಂದು ಹೋದ್ಲು ಕಣ್ರೋ," ಅಂದು ಮೂಗು ಸೀಟಿಕೊಂಡಿದ್ದ.

ಮುತ್ತಮ್ಮ ಹರಳೆಣ್ಣೆ ಹಾಕಿರಲಿಲ್ಲ. ರಾಗಿ ಹಾಕಿರಲಿಲ್ಲ. ಮಳೆಯನ್ನು ಯಾರು ತಂದು ಹಾಕುತ್ತಾರೆ? ಅವತ್ತು ಅವಳು ಕೊಟ್ಟಿಗೆಯ ಕತ್ತಲಲ್ಲಿ ತನ್ನ ಅಂಗೈಗಳನ್ನು ಮೂಗಿನ ಹತ್ತಿರ ಹಿಡಿದು, ಯಾರೋ ದೊಡ್ಡವರೆದುರು ನಿಂತ ಹಾಗೆ ಎಷ್ಟೋ ಹೊತ್ತು ನಿಂತಿದ್ದಳು. ತಾನು ಹಾಕದೆ ಇದ್ದದ್ದೆಲ್ಲ ಅದರೊಳಕ್ಕೆ ಎಲ್ಲಿಂದ ಬಂತು? ಗುಡಾಕನ್ನು ಅವಳು ಮೂಸಿದ್ದಳು, ನಾಲಿಗೆಯ ತುದಿಗಿಟ್ಟು ಹದ ನೋಡಿದ್ದಳು. ಒಂದು ದಿನವೂ ಸೇದಿರಲಿಲ್ಲ. ಅದು ಜಗಲಿಯ ವಸ್ತು.

"ಮುತ್ತೀ, ಬಾ ಇಲ್ಲಿ." ಹಿತ್ತಿಲ ಬಾಗಿಲಲ್ಲಿ ಲಕ್ಷ್ಮೀದೇವಮ್ಮ ನಿಂತಿದ್ದಳು. ಸೆರಗನ್ನು ಬೆರಳಿಗೆ ಸುತ್ತುತ್ತಿದ್ದಳು. "ಈ ಸಲ ನಾನೇ ಕಲಸ್ದೆ ಕಣೆ."

"ಗೊತ್ತಾಯ್ತು ಅಮ್ಮಾರೆ. ಉಗಾದಿ ಆದ್ಮೇಲೆ ನನ್ನ ಕರೀಲೇ ಇಲ್ವಲ್ಲ."

"ಅನುಗೊಂಡನಹಳ್ಳಿ ಬೀಗರು ಬಂದಿದ್ರು. ನಮ್ಮುಡುಗೀಗೂ ಕಲ್ಸೋದು ಹೇಳ್ಕೊಡಿ ಅಂದ್ರು. ನಾನೇನ್ ಹೇಳ್ಕೊಡ್ಲಿ? ಹದ್ನೆಂಟು ವರ್ಷ ಹೊಗಳಿಸ್ಕೊಂಡಿದೀನಿ, ಒಂದ್ಸಲಾನಾದ್ರೂ ಅದನ್ನ ನಿಜ ಮಾಡಾನ ಅನ್ನಿಸ್ತು. ಬಾಗ್ಲು ಸಂದಿಲಿ ನೋಡಿದ್ನಲ್ಲ, ನೀನು ಏನೇನ್ ಹಾಕ್ತೀಯ ಅಂತ. ಎಲ್ಲಾ ಅಂಗೇ ಹಾಕ್ದೆ."

"ಮಡಕೆ?"

ಲಕ್ಷ್ಮೀದೇವಮ್ಮ ನೆಲ ನೋಡಿದಳು. "ತೊಳ್ದೆ."

"ತೊಳುದ್ರಾ?"

"ನಿನ್ನ ಕೈ ಸೋಕಿದ್ದು. ಮನೆಯೊಳ್ಗಿನ ಒರಳ ಹತ್ರ ತರ್ಬೇಕಿತ್ತಲ್ಲೇ. ಬೂದಿ ಹಾಕಿ ಉಜ್ಜಿ, ಗಂಜಲ ಹುಯ್ದು, ಏಳು ನೀರಲ್ಲಿ ತೊಳ್ದೆ."

ಮುತ್ತಮ್ಮನಿಗೆ ಮೊದಲು ನಗು ಬಂತು. ಆಮೇಲೆ ಬಚ್ಚಲ ಕಡೆ ನೋಡಿದಳು. ಆ ಏಳು ನೀರಿನಲ್ಲಿ ಪಾಪಮ್ಮ ಹೋಗಿದ್ದಳು. ಪಾಪಮ್ಮನ ಅತ್ತೆ ಹೋಗಿದ್ದಳು. ಅವಳ ಹಿಂದಿನವರ ಹೆಸರು ಯಾರಿಗೂ ಗೊತ್ತಿರಲಿಲ್ಲ, ಅವರೂ ಆ ಮಡಕೆಯ ತಳದಲ್ಲಿ ಇದ್ದರು. ಬಚ್ಚಲ ಕಾಲುವೆ ಹಿಡಿದು ಹೋದರು.

ಹೆಂಡತಿಯ ಬೆನ್ನ ಹಿಂದೆ ಅಪ್ಪಯ್ಯಣ್ಣ ಬಂದು ನಿಂತ. "ಲೇ ಮುತ್ತಿ. ಕೇರಿಲಿ ಹಳೇದು ಚೂರು ಇಟ್ಟಿದೀಯಂತೆ?"

"ಐತೆ ಬುದ್ಧಿ."

"ನಾಳೆ ಮಾವ ಬರೋ ಹೊತ್ಗೆ ತಗಂಬಾ. ಹಿತ್ಲ ಕಡೆಯಿಂದ ಬಾ. ಒಂದು ಚಿಲುಮೆಗಾಗೋಷ್ಟು ನಂಗೆ ಕೊಡು, ಮಿಕ್ಕಿದ್ದು ಹಾಕಿ ಬಾಗ್ಲಾಕ್ಕೊಂಡು ಹೊಸದು ಕಲ್ಸು. ಮಾವ ಏನಾರ ಕೆದಕಿದ್ರೆ ಅಮ್ಮಾರೇ ಕಲ್ಸೋದು, ನಾನು ಬರೀ ಸೊಪ್ಪು ಕುಟ್ಟೋಳು ಅನ್ನು. ನೀನು ಗುಡ್ಲು ಹಾಕ್ಕೊಂಡಿರೋದು ಯಾರ ಜಾಗ ಅನ್ನೋದು ಗ್ಯಾಪ್ಕ ಇರ್ಲಿ. ಕೇಳಿಸ್ತಾ?"

"ಕೇಳಿಸ್ತು ಬುದ್ಧಿ."

ಕೇರಿಯಲ್ಲಿ ಅವಳ ಗಂಡ ಕೊಂಡಪ್ಪ ಬಾಗಿಲ ಮುಂದೆ ಕೂತು ಕತ್ತಾಳೆ ನಾರಿನ ಹಗ್ಗ ಹೊಸೆಯುತ್ತಿದ್ದ. ಎಲ್ಲ ಕೇಳಿಕೊಂಡು, "ಕೊಟ್ಬುಡಮ್ಮಿ," ಅಂದ. "ನಮ್ದೇನ್ ಹೋಯ್ತದೆ? ಹೊಗೆ ತಾನೆ."

"ಹೊಗೆ ತಾನೆ ಅಂತೀಯ. ಅವ್ರು ಅದ್ರ ಬಗ್ಗೆ ಮಾತಾಡೋದು ನೀನ್ ಕೇಳಿಲ್ಲ ಕಣಯ್ಯ. ಆ ಮುದುಕ ಅತ್ತ. ನಾನ್ ಕಲ್ಸಿದ್ದ್ರೊಳ್ಗೆ ಅವರವ್ವ ಕಂಡ್ಲಂತೆ. ಇಷ್ಟೂ ವರ್ಷ ಅದಕ್ಕೆ ಆ ಲಕ್ಷ್ಮೀದೇವಮ್ಮನ ಕೈಯ್ಗೆ ಮುಗುದ್ರು."

"ಮುಗೀಲಿ ಬುಡು. ನಿನ್ ಕೈಯ್ಗೆ ಮುಗೀತಾರಾ? ಗುಡ್ಲು ಕಿತ್ತಾಕುಸ್ತಾರೆ, ಅಷ್ಟೆಯ."

ಮುತ್ತಮ್ಮ ಗುಡಿಸಲೊಳಕ್ಕೆ ಹೋದಳು. ಕುಡಿಕೆಯ ಮುಚ್ಚಳ ತೆಗೆದಳು. ಕಪ್ಪಗೆ, ಎಣ್ಣೆ ಹಚ್ಚಿದ ಹಾಗೆ ಮಿನುಗುತ್ತ, ಒಂದು ಹಿಡಿಗಿಂತ ಹೆಚ್ಚಿಲ್ಲದಷ್ಟು ತಾಯಿ ಮಲಗಿತ್ತು. ಗುಡಿಸಲೊಳಗೆಲ್ಲ ಅದು ಎದ್ದು ಓಡಾಡಿತು. ಹಗ್ಗ ಹೊಸೆಯುತ್ತಿದ್ದ ಕೊಂಡಪ್ಪನ ಕೈ ತಾನಾಗಿ ನಿಂತಿತು. ಅವನು ತಲೆಯೆತ್ತಿ, ಬಾಯಿ ಬಿಟ್ಟುಕೊಂಡು ಒಳಕ್ಕೆ ನೋಡಿದ.

"ನಿನ್ ಚಿಲುಮೆ ಕೊಡು," ಅಂದಳು ಮುತ್ತಮ್ಮ.

"ಯಾತಕ್ಕೆ?"

"ಕೊಡು ಅಂದ್ನಲ್ಲ."

ಮರುದಿನ ಬಿಸಿಲು ಇಳಿಯುವ ಹೊತ್ತಿಗೆ ಅವಳು ಹಿತ್ತಿಲ ದಾರಿ ಹಿಡಿಯಲಿಲ್ಲ. ಊರ ನಡುವಿನ ಬೀದಿಯಲ್ಲೇ ಬಂದಳು. ಅಪ್ಪಯ್ಯಣ್ಣನ ಮನೆಯೆದುರು ಬೀದಿಯಾಚೆ ಒಂದು ಹೊಂಗೆಮರ. ಕೇರಿಯವರು ಏನಾದರೂ ಕೇಳಲು ಬಂದರೆ ಕೈಕಟ್ಟಿ ನಿಲ್ಲುವ ಜಾಗ ಅದು. ಮುತ್ತಮ್ಮ ನಿಲ್ಲಲಿಲ್ಲ, ಕೂತಳು. ಚಿಲುಮೆಯೊಳಗೆ ಕಲ್ಲಿಟ್ಟು, ತಾಯಿಯಿಂದ ಒಂದು ಚಿಟಿಕೆ ಮುರಿದು ತುಂಬಿ, ಒಡೆದ ಮಡಕೆಯ ಬೋಕಿಯಲ್ಲಿ ತಂದಿದ್ದ ಬೆರಣಿ ಕೆಂಡವನ್ನು ಮೇಲಿಟ್ಟಳು. ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಎಳೆದಳು.

ಮೊದಲ ಎಳೆತಕ್ಕೆ ಗಂಟಲು ಉರಿದು ಕಣ್ಣಲ್ಲಿ ನೀರು ಬಂತು. ಎರಡನೆಯದಕ್ಕೆ ಬೆಲ್ಲ ಬಂತು. ಕೊಪ್ಪರಿಗೆಯ ಅಂಚಿನಲ್ಲಿ ಹೊತ್ತಿದ ಬೆಲ್ಲ. ಮೂರನೆಯದಕ್ಕೆ ಹಲಸು, ಅದರ ಹಿಂದೆಯೇ ಲಾವಂಚದ ತಂಪು. ಇವೆಲ್ಲ ಅವಳು ಹಾಕಿದ್ದವು, ಗುರುತು ಹಿಡಿದಳು. ನಾಲ್ಕನೆಯದಕ್ಕೆ ಬಂದದ್ದನ್ನು ಅವಳು ಹಾಕಿರಲಿಲ್ಲ. ತನ್ನ ಹೆರಿಗೆಯಾದ ಗುಡಿಸಲಿನ ಸಾಂಬ್ರಾಣಿ ಹೊಗೆ, ಪಾಪಮ್ಮನ ಕುಪ್ಪಸದ ಬೆವರು, ಮಗುವಿನ ನೆತ್ತಿ. ಅವಳು ಚಿಲುಮೆಯನ್ನು ಬಾಯಿಂದ ತೆಗೆದು ಅದರ ಕಡೆ ನೋಡಿದಳು. ಮಣ್ಣಿನ ತುಂಡು. ಇಷ್ಟನ್ನೂ ಆ ಜಗಲಿಗೆ ಕೊಟ್ಟುಬಿಟ್ಟಿದ್ದೆನೇ ಎಂದು ಅವಳು ಬೀದಿಯಾಚೆ ನೋಡಿದಳು.

ಗಾಳಿ ಜಗಲಿಯ ಕಡೆಗಿತ್ತು.

"ಬಂತು!" ಮುನಿವೆಂಕಟಪ್ಪ ಕಂಬ ಹಿಡಿದು ಎದ್ದುನಿಂತ. "ಬಂತು ಕಣ್ರೋ! ಇದೇ, ಇದೇಯ. ಯಾರ್ ಹಚ್ಚಿದ್ದು?"

ರಾಮಾಂಜಿನಪ್ಪ ಕಣ್ಣು ಮುಚ್ಚಿಕೊಂಡು ಎದೆ ತುಂಬ ಎಳೆದುಕೊಂಡ. "ಅಬ್ಬಬ್ಬಬ್ಬಾ! ಅತ್ತಿಗೆಮ್ಮನ ಕೈಯ್ಗೆ ಚಿನ್ನದ ಬಳೆ ಹಾಕ್ಸಣ್ಣೋ..." ಕಣ್ಣು ತೆರೆದ. ಬೀದಿಯಾಚೆ ಕೂತವಳನ್ನು ಕಂಡ. ಕೂಡಲೇ ಟವಲ್ಲಿನಿಂದ ಮೂಗು ಮುಚ್ಚಿಕೊಂಡ. "ಥೂ! ಏನ್ ನಾತ ಇದು! ಚರ್ಮ ಸುಟ್ಟಂಗೆ!"

"ಈಗ್ ತಾನೆ ಅಬ್ಬಬ್ಬಾ ಅಂದ್ಯಲ್ಲೋ," ಅಂದ ಮುನಿವೆಂಕಟಪ್ಪ. ಪೊರೆ ಬಂದ ಕಣ್ಣನ್ನು ಹೊಂಗೆಮರದ ಕಡೆ ತಿರುಗಿಸಿ, "ಯಾರಮ್ಮಿ ಅದು?" ಎಂದು ಕೇಳಿದ.

"ನಾನು ಬುದ್ಧಿ. ಕೇರಿ ಮುತ್ತಮ್ಮ."

"ಯಾರ್ ಕಲ್ಸಿದ್ದು ಇದನ್ನ?"

"ನಾನೇ."

"ಹೋದ್ ವರ್ಷದ್ದು?"

"ಅದೂ ನಾನೇ. ಹದ್ನೆಂಟು ವರ್ಷದ್ದೂ ನಾನೇ. ಅದಕ್ಕೂ ಮುಂಚೆ ನಮ್ಮತ್ತೆ ಪಾಪಮ್ಮ."

ಬಾಗಿಲ ಹಿಂದೆ ಬಳೆಯ ಸದ್ದಾಯಿತು. ಲಕ್ಷ್ಮೀದೇವಮ್ಮ ಒಳಗೆ ಸರಿದಿರಬೇಕು. ಮುದುಕನ ಕೈ ಹೆಗಲ ಮೇಲಿನ ಟವಲ್ಲಿಗೆ ಹೋಯಿತು. ಇಷ್ಟು ವರ್ಷ ಅದನ್ನು ಸೇದಿದ ತುಟಿ ಒರೆಸಿಕೊಳ್ಳಲು ಅದನ್ನು ಎತ್ತಿದ. ಕೈ ಅರ್ಧಕ್ಕೇ ನಿಂತಿತು. ಮೂಗಿನ ಹೊಳ್ಳೆಗಳು ಅವನ ಮಾತು ಕೇಳದೆ ಅರಳಿಕೊಂಡವು, ಮುಚ್ಚಿಕೊಂಡವು, ಮತ್ತೆ ಅರಳಿದವು. ಅವನು ಬೈಯಲಿಲ್ಲ, ಹೊಗಳಲೂ ಇಲ್ಲ. ದೇವರ ಮುಂದೆ ನಿಂತು ಏನು ಕೇಳಬೇಕೆಂದು ಮರೆತವನ ಹಾಗೆ ನಿಂತುಬಿಟ್ಟ.

ಅಪ್ಪಯ್ಯಣ್ಣ ಜಗಲಿಯಿಂದ ಇಳಿದು ಬೀದಿಯ ಅರ್ಧಕ್ಕೆ ಬಂದ. ಹೊಗೆ ಅವನ ಮುಖಕ್ಕೂ ಬಂತು. ಅವನು ಉಸಿರು ಹಿಡಿದುಕೊಂಡಿದ್ದ, ಕತ್ತಿನ ನರ ಉಬ್ಬಿತ್ತು.

"ಆರ್ಸೇ ಅದನ್ನ," ಅಂದ. "ಎದ್ದು ಹಿತ್ಲಿಗೆ ನಡಿ."

ಮುತ್ತಮ್ಮ ಚಿಲುಮೆಯೊಳಕ್ಕೆ ಇಣುಕಿ ನೋಡಿದಳು.

"ಇನ್ನೂ ಅರ್ಧ ಐತೆ ಬುದ್ಧಿ," ಅಂದಳು. "ಆರ್ಸಲ್ಲ."