ಕೊನೆಯ ಪುಟದ ಸಂಪಾದಕ

ಮಂಗಳವಾರ ಮಧ್ಯಾಹ್ನ ಗ್ರಾಂಟ್ ರೋಡಿನ ಕಚೇರಿಯಲ್ಲಿ ಮುರಿಗೆಪ್ಪ ಪ್ರೂಫ್ ತಿದ್ದುತ್ತಿದ್ದಾಗ ಅಂಚೆಯವನು ಬಂದು, "ಸಂಪಾದಕ್ ಕೋಣ್?" ಎಂದು ಮರಾಠಿಯಲ್ಲಿ ಕೇಳಿದ. ಮುರಿಗೆಪ್ಪ ಎಂದಿನ ಹೆಮ್ಮೆಯಿಂದಲೇ ಕೈ ಎತ್ತಿದ. ಲಕೋಟೆ ಒಡೆದು ಓದಿದ ಮೇಲೆ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟ.

ಅದು ಚುನಾವಣಾ ಕಚೇರಿಯ ನೋಟಿಸು. ಹೋದ ತಿಂಗಳು 'ದಕ್ಷಿಣೋದಯ' ವಾರಪತ್ರಿಕೆಯಲ್ಲಿ ಆಂಟಾಪ್ ಹಿಲ್‌ನ ಅಭ್ಯರ್ಥಿಯೊಬ್ಬನನ್ನು ಹೊಗಳಿ ಬಂದದ್ದು ಸುದ್ದಿಯೋ, ಹಣ ಪಡೆದು ಹಾಕಿದ ಜಾಹೀರಾತೋ? ಸಂಪಾದಕರು ನಾಳೆ ಸಂಜೆಯೊಳಗೆ ಸಹಿ ಮಾಡಿ ಉತ್ತರಿಸಬೇಕು.

ಸಂಪಾದಕ ಎಂದರೆ ಮುರಿಗೆಪ್ಪನೇ. ಹಾಗಂತ ಅವನು ಒಂದು ಸಂಪಾದಕೀಯವನ್ನೂ ಬರೆದವನಲ್ಲ. ಹೊಣೆ ಹೊರುವವನ ಹೆಸರು ಪತ್ರಿಕೆಯಲ್ಲಿ ಅಚ್ಚಾಗಬೇಕು ಎಂದು ಕಾನೂನು ಹೇಳುತ್ತದೆ. ಒಂಬತ್ತು ವರ್ಷದ ಹಿಂದೆ, ಕರಾವಳಿ ಕಡೆಯವನಾದ ಮಾಲೀಕ ತಿಲಕ್ ಸೇಠ್ ಕೊನೆಯ ಪುಟದ ತಳದಲ್ಲಿ ತನ್ನ ಹೆಸರಿಗೆ ಬದಲು ಈ ಪ್ರೂಫ್ ರೀಡರನ ಹೆಸರು ಹಾಕಿಸಿದ್ದ. ವಿಜಯಪುರದ ಕಡೆಯಿಂದ ಬಂದ ಬಡಪಾಯಿಗೆ ಅದು ದೊಡ್ಡ ಸನ್ಮಾನವಾಗಿ ಕಂಡಿತು. ಕೊಟ್ಟ ಕಾಗದಕ್ಕೆ ಸಹಿ ಹಾಕಿ ಬಿಲ್ಡಿಂಗ್‌ಗೆಲ್ಲ ಪೇಢೆ ಹಂಚಿದ. ದಿನವಿಡೀ ಊರವರ ತಪ್ಪು ಹುಡುಕುವ ಮಹಾಶಯ ತನ್ನ ಕಾಗದವನ್ನು ಮಾತ್ರ ಓದಲಿಲ್ಲ.

ತಿಲಕ್ ಸೇಠ್ ನೋಟಿಸು ನೋಡಿ ನಕ್ಕ. ಅರ್ಧ ಗಂಟೆಯಲ್ಲಿ ಉತ್ತರ ಟೈಪಾಗಿ ಬಂತು. 'ಇದು ಸುದ್ದಿ. ನಾನೇ ಪರಿಶೀಲಿಸಿ ಹಾಕಿದ್ದೇನೆ. ಯಾರಿಂದಲೂ ಹಣ ಪಡೆದಿಲ್ಲ.'

"ಹೆದರುದೆಂತಕ್ಕೆ ಮಾರಾಯ್ರೆ? ಒಂದು ಸಹಿ ಅಷ್ಟೆ."

"ಸೇಠ್ರ, ಅದು ರೊಕ್ಕ ಇಸ್ಕೊಂಡು ಹಾಕಿದ ಪ್ಯಾಕೇಜ್ ಅಲ್ಲೇನ್ರಿ? ಅವರ ಆಫೀಸಿಂದನ ಬರದು ಕಳಿಸಿದ್ರು. ನಾ ಬರೇ ಅಕ್ಷರ ತಿದ್ದೀನಿ."

"ಪ್ಯಾಕೇಜೇ, ಯಾರು ಇಲ್ಲ ಅಂದ್ರು? ಚಂದಾದ ದುಡ್ಡಲ್ಲಿ ಕಾಗದದ ಖರ್ಚೂ ಹುಟ್ಟುದಿಲ್ಲ. ಸರ್ಕಾರಿ ಜಾಹೀರಾತು ಬೇಕಾದ್ರೆ ಅವರ ಮುಖ ನೋಡ್ಬೇಕು. ಈ ಊರಲ್ಲಿ ಕನ್ನಡ ಪತ್ರಿಕೆ ಉಳೀಬೇಕಾ, ಬೇಡ್ವಾ? ನೀವೇ ಹೇಳಿ." ಸೇಠ್ ದನಿ ತಗ್ಗಿಸಿದ. "ಆ ಜನ ಒಳ್ಳೆಯವರಲ್ಲ. ನಿಮ್ಮ ಮನೆ ಅವರ ವಾರ್ಡಲ್ಲೇ ಉಂಟಲ್ಲ?"

ಪತ್ರಿಕೆ ಉಳಿಯಬೇಕೆಂಬುದು ಮುರಿಗೆಪ್ಪನಿಗೂ ಒಪ್ಪಿಗೆಯೇ. ಇಪ್ಪತ್ತು ವರ್ಷದಿಂದ ಅದರ ಅನ್ನ ಉಂಡವನು. ರಾತ್ರಿ ಯೋಚಿಸಿ ಬೆಳಿಗ್ಗೆ ಸಹಿ ಮಾಡುತ್ತೇನೆ ಎಂದು ಕಾಗದ ಮಡಿಸಿ ಜೇಬಿಗಿಟ್ಟುಕೊಂಡು ಲೋಕಲ್ ರೈಲು ಹಿಡಿದ.

ಬಿಲ್ಡಿಂಗ್ ಗೇಟಿನಲ್ಲಿ ಇಬ್ಬರು ಬೈಕಿಗೆ ಒರಗಿ ನಿಂತಿದ್ದರು. ಒಬ್ಬ ನಗುತ್ತಲೇ, "ಎಡಿಟರ್ ಸಾಬ್, ತೀಸ್ರಾ ಮಾಲಾ, ಹೈ ನಾ?" ಎಂದ. ಮನೆ ಮೂರನೇ ಮಹಡಿಯಲ್ಲಿರುವುದೂ ಅವರಿಗೆ ಗೊತ್ತಿತ್ತು. ಮನೆ ಸೇರುವಷ್ಟರಲ್ಲಿ ಅಂಗಿ ಬೆವರಿನಿಂದ ಬೆನ್ನಿಗಂಟಿತ್ತು.

ಹೆಂಡತಿ ಚಂದ್ರವ್ವ ವಿಷಯ ಕೇಳಿ ಒಲೆ ಆರಿಸಿ ಬಂದಳು. "ಸಹಿ ಹಾಕಿಬಿಡ್ರಿ. ಊರ ಉಸಾಬರಿ ನಮಗ್ಯಾಕ? ನಿಮಗ ಏನರ ಆದ್ರ ನಾ ಯಾರ ಬಾಗಲಕ್ಕ ಹೋಗ್ಲಿ?"

ಅಷ್ಟರಲ್ಲಿ ಎದುರುಮನೆಯ ಸುಂದ್ರವ್ವ ಒಳಗೆ ಬಂದಳು. ಮುಖ ಕಳೆಗುಂದಿತ್ತು.

"ಮುರಿಗೆಪ್ಪಾ, ಸೊಸಿನ್ನ ದವಾಖಾನ್ಯಾಗ ಇಟ್ಕೊಂಡಾರೋ. ಕಾಮಣಿ ಆಗೇತಂತ. ನೀರ ಕಾಸಿ ಕುಡೀತಿದ್ರೇನು ಅಂತ ಡಾಕ್ಟರ್ ಕೇಳಿದ್ರು. ಬಿಟ್ಟು ತಿಂಗಳಾತ್ರಿ, ನಳದ ನೀರ ತಪಾಸಣಿ ಆಗೇತಿ, ಇನ್ನ ಕಾಸೂದು ಬ್ಯಾಡ ಅಂತ ಪೇಪರ್‌ನಾಗ ಬಂದಿತ್ತು ಅಂದೆ. ನೀನ ಓದಿ ಹೇಳಿದ್ಯಲ್ಲೋ ತಮ್ಮಾ?"

ಓದಿದ್ದ. ಪ್ರತಿ ಭಾನುವಾರ ಬೆಳಿಗ್ಗೆ ಕಾರಿಡಾರಿನಲ್ಲಿ ಕೂತು, ಅಕ್ಷರ ಬಾರದ ಹೆಂಗಸರಿಗೆ ಪತ್ರಿಕೆ ಓದಿ ಹೇಳುವುದು ಅವನ ರೂಢಿ. ಅಭ್ಯರ್ಥಿಯ ಕೃಪೆಯಿಂದ ಹೊಸ ಪೈಪು ಬಂತು, ನೀರು ಶುದ್ಧವಾಯಿತು ಎಂಬುದನ್ನೂ ಅವನು ಗಂಟಲು ಸರಿಮಾಡಿಕೊಂಡು ಓದಿದ್ದ. ಇದು ದುಡ್ಡಿನ ಬರಹ ಎನ್ನಲು ಸಂಪಾದಕರಿಗೆ ನಾಚಿಕೆ. ಸುಂದ್ರವ್ವನ ಸೊಸೆ ಸ್ನೇಹಲ್ ಐದು ತಿಂಗಳ ಬಸುರಿ. ಬಸುರಿಗೆ ಕಾಮಾಲೆ ಎಂದರೆ ಜೀವಕ್ಕೇ ಅಪಾಯ ಎಂಬುದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು.

"ಇನ್ನ ಕಾಸಬೇಕೇನೋ?" ಎಂದಳು ಸುಂದ್ರವ್ವ.

"ಕಾಸ್ರಿ ಯಕ್ಕಾ," ಎಂದ. ಜೇಬಿನಲ್ಲಿದ್ದ ಕಾಗದವನ್ನು ಅಂಗೈಯಿಂದ ಮುಚ್ಚಿಕೊಂಡ.

ಆ ರಾತ್ರಿ ಅವನಿಗೆ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಗ್ರಾಂಟ್ ರೋಡಿಗೆ ಹೋಗುವ ಬದಲು ನೇರವಾಗಿ ಚುನಾವಣಾ ಕಚೇರಿಗೆ ಹೋದ. ಸೇಠ್ ಕೊಟ್ಟ ಕಾಗದವನ್ನು ಹೊರಗೆ ತೆಗೆಯಲೇ ಇಲ್ಲ. ಅಲ್ಲಿನ ಬೆಂಚಿನ ಮೇಲೆ ಕೂತು, ಬರುವಷ್ಟು ಮರಾಠಿಯಲ್ಲಿ, ತನ್ನ ಕೈಯಾರೆ ಬರೆದ. 'ಅದು ಸುದ್ದಿಯಲ್ಲ, ಜಾಹೀರಾತು. ಅಭ್ಯರ್ಥಿಯ ಕಚೇರಿಯೇ ಬರೆದು ಕಳಿಸಿತು. ಗೊತ್ತಿದ್ದೂ ನಾನು ಸುಮ್ಮನಿದ್ದೆ.' ಅವನು ಕೆಳಗೆ ಸಹಿ ಹಾಕಿದ, ಗುಮಾಸ್ತೆ ಠಸ್ಸೆ ಒತ್ತಿದ. ಧೈರ್ಯವಂತೂ ಎಲ್ಲಿಂದಲೂ ಬರಲಿಲ್ಲ.

ಹೊರಗೆ ಬಂದು ಸೇಠ್‌ಗೆ ಫೋನ್ ಮಾಡಿದ. "ಖರೇನ ಬರದು ಕೊಟ್ಟೀನ್ರಿ. ಈ ವಾರ ಪೇಪರ್‌ನಾಗೂ ಒಂದು ತಿದ್ದುಪಡಿ ಹಾಕಬೇಕ್ರಿ."

"ತಿದ್ದುಪಡಿಯೂ ಇಲ್ಲ, ಎಂತದೂ ಇಲ್ಲ. ಇವತ್ತಿಂದ ನೀವು ಬರುದು ಬೇಡ." ಸ್ವಲ್ಪ ತಡೆದು ಸೇಠ್ ಹೇಳಿದ, "ಅವರಿಗೆ ಗೊತ್ತಾಗ್ತದೆ. ಜಾಗ್ರತೆ ಮುರಿಗೆಪ್ಪನವ್ರೇ." ಆ ದನಿಯಲ್ಲಿಯೂ ಹೆದರಿಕೆಯಿತ್ತು.

ಗೊತ್ತಾಗಿತ್ತು. ಗೇಟಿನಲ್ಲಿ ನಿನ್ನೆಯವರೇ ಇದ್ದರು. ಇವತ್ತು ಯಾರೂ ನಗಲಿಲ್ಲ. ಒಬ್ಬ ಅವನನ್ನೇ ನೋಡುತ್ತ ಫೋನಿನಲ್ಲಿ ಮಾತಾಡುತ್ತಿದ್ದ. ಮುರಿಗೆಪ್ಪ ತಲೆ ತಗ್ಗಿಸಿ ಮೆಟ್ಟಿಲು ಹತ್ತಿದ.

ಸುಂದ್ರವ್ವ ಸೊಸೆಯ ಬಟ್ಟೆ ಒಯ್ಯಲು ಮನೆಗೆ ಬಂದಿದ್ದಳು. ಅವನು ಹೊಸ್ತಿಲಲ್ಲೇ ನಿಂತು ಹೇಳಿದ.

"ಯಕ್ಕಾ, ಅವತ್ತ ಓದಿದ್ದು ಸುದ್ದಿ ಅಲ್ಲಬೇ. ರೊಕ್ಕ ಇಸ್ಕೊಂಡು ಹಾಕಿದ್ದು. ನೀರ ಯಾರ ತಪಾಸಣಿ ಮಾಡ್ಯಾರೋ, ಇಲ್ಲೋ, ನಮಗ ಗೊತ್ತಿಲ್ಲ."

ಸುಂದ್ರವ್ವ ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟಳು. "ಓದಾಗ ನಿನಗ ಗೊತ್ತಿತ್ತೇನು?"

"ಗೊತ್ತಿತ್ತು."

ಅವಳು ಬೈಯುತ್ತಾಳೆಂದು ಕಾದ. ಅವಳು ಸೆರಗಿನಿಂದ ಕಣ್ಣೊರಸಿಕೊಂಡು, "ಮತ್ತ ಇಲ್ಲಿ ಯಾಕ ನಿಂತಿ?" ಎಂದಳು. "ಅವತ್ತ ನೀ ಓದಿದ್ದು ನಾ ಒಬ್ಬಾಕಿನ ಕೇಳಿದ್ನೇನು?"

ಕಾರಿಡಾರಿನ ಉದ್ದಕ್ಕೂ ಬಾಗಿಲುಗಳಿದ್ದವು. ಮಧ್ಯಾಹ್ನದ ಅಡುಗೆಯ ಹೊತ್ತು. ಎಲ್ಲ ಮನೆಗಳಲ್ಲಿಯೂ ನಳ ಬಿಟ್ಟಿದ್ದರು. ಕೆಳಗಿನಿಂದ ಇಬ್ಬರು ಮೆಟ್ಟಿಲು ಹತ್ತಿ ಬರುವ ಬೂಟಿನ ಸದ್ದು ಕೇಳಿಸಿತು. ಚಂದ್ರವ್ವ ಒಳಗಿನಿಂದ, "ರೀ, ಒಳಗ ಬರ್ರಿ, ಕದಾ ಹಾಕೋಣ," ಎಂದು ಅಳುತ್ತ ಕರೆದಳು.

ಮುರಿಗೆಪ್ಪ ಒಳಗೆ ಹೋಗದೆ ಪಕ್ಕದ ಮನೆಯ ಬಾಗಿಲು ಬಡಿದ.