ಸದ್ದು ಮಾಡದ ಹನಿ

ಗ್ಯಾಸ್ ಸಿಲಿಂಡರಿನ ಬೆಲೆ ಕೈಗೆಟುಕದಂತಾದ ವರ್ಷ ರೆಸೀಫೆ ನಗರದ ಗುಡ್ಡದ ಓಣಿಗಳಲ್ಲಿ ಹೆಂಗಸರು ಪೆಟ್ರೋಲಿನ ಬದಲು ಕಾರಿಗೆ ಹಾಕುವ ಆಲ್ಕೋಹಾಲಿನಲ್ಲಿ ಅಡುಗೆ ಮಾಡತೊಡಗಿದರು. ಇದು ಅಪಾಯ, ಹೀಗೆ ಮಾಡಬೇಡಿ ಎಂದು ಟಿವಿಯಲ್ಲಿ ಬಂದವರೆಲ್ಲ ಬುದ್ಧಿ ಹೇಳಿದರು. ಹಾಗಾದರೆ ಕಾಳು ಬೇಯಿಸುವುದು ಯಾವುದರಲ್ಲಿ ಎಂಬುದನ್ನು ಮಾತ್ರ ಆ ಪುಣ್ಯಾತ್ಮರು ಹೇಳಲಿಲ್ಲ. ಬಂಕಿನ ಮುಂದೆ ಬಾಟಲಿ ಹಿಡಿದು ನಿಂತವರ ಸಾಲು ದಿನದಿಂದ ದಿನಕ್ಕೆ ಉದ್ದವಾಯಿತು.

ಜೆನಿಲ್ಡಾಳೂ ಆ ಸಾಲಿನಲ್ಲಿದ್ದಳು. ಬಸ್ ನಿಲ್ದಾಣದ ಪಕ್ಕ ಟಪಿಯೋಕಾ ಮಾರಿ ಮಗಳನ್ನು ಸಾಕಿದವಳು. ಕಾದ ಕಾವಲಿಗೆ ಮರಗೆಣಸಿನ ಹಿಟ್ಟು ಉದುರಿಸಿ, ಅದು ರೊಟ್ಟಿಯಂತೆ ಕೂಡಿಕೊಂಡ ಮೇಲೆ ತೆಂಗಿನತುರಿ ಇಟ್ಟು ಮಡಚಿ ಕೊಡುವುದು. ಗ್ಯಾಸ್ ಹೋದ ಮೇಲೆ ಎರಡು ಇಟ್ಟಿಗೆಗಳ ನಡುವೆ ಮೀನಿನ ಖಾಲಿ ಡಬ್ಬಿ ಇಟ್ಟು, ಅದರಲ್ಲಿ ಆಲ್ಕೋಹಾಲ್ ಸುರಿದು ಹೊತ್ತಿಸುತ್ತಿದ್ದಳು. ತೊಂದರೆಯೆಂದರೆ, ಬಿಸಿಲಿನಲ್ಲಿ ಆ ಉರಿ ಕಣ್ಣಿಗೆ ಕಾಣುವುದಿಲ್ಲ. ಆರಿದೆಯೆಂದು ಬಾಟಲಿ ಬಗ್ಗಿಸಿದರೆ ಬೆಂಕಿ ಬಾಟಲಿಗೇ ಏರಿ ಬರುತ್ತದೆ.

ಅದಕ್ಕೇ ಜೆನಿಲ್ಡಾ ಕಣ್ಣನ್ನು ಬಿಟ್ಟು ಕಿವಿಯನ್ನು ನಂಬಿದಳು. ಬೆರಳಿನಿಂದ ಒಂದು ಹನಿ ಆಲ್ಕೋಹಾಲನ್ನು ಡಬ್ಬಿಯ ಅಂಚಿಗೆ ಚಿಮುಕಿಸುವುದು. ಚುರ್ ಎಂದರೆ ಇನ್ನೂ ಬಿಸಿಯಿದೆ, ಕಾಯಬೇಕು. ಸದ್ದು ಬರದಿದ್ದರೆ ತಣ್ಣಗಾಗಿದೆ, ಸುರಿಯಬಹುದು. ಓಣಿಯ ಹೆಂಗಸರೆಲ್ಲ ಅವಳನ್ನು ನೋಡಿಯೇ ಕಲಿತರು. ಒಬ್ಬರ ಕೈಗೂ ಒಂದು ಬೊಬ್ಬೆ ಏಳಲಿಲ್ಲ. ಜೆನಿಲ್ಡಾಳಿಗೆ ಅದರ ಬಗ್ಗೆ ಸ್ವಲ್ಪ ಹೆಮ್ಮೆಯೂ ಇತ್ತು, ಇರಬಾರದೆಂದು ಯಾರು ಹೇಳಿಯಾರು?

ಆದರೆ ತೆಳ್ಳನೆಯ ಡಬ್ಬಿಯ ಶಾಖ ಕಡಲ ಗಾಳಿಗೆ ನಿಲ್ಲುತ್ತಿರಲಿಲ್ಲ. ಟೈರ್ ಪಂಕ್ಚರ್ ಅಂಗಡಿಯವನನ್ನು ಕಾಡಿ ಬೇಡಿ ಲಾರಿಯ ಹಳೆಯ, ಬೋಗುಣಿಯಂಥ ಬ್ರೇಕ್ ಡ್ರಮ್ಮೊಂದನ್ನು ತಂದಳು. ಡಬ್ಬಿಯನ್ನು ಅದರೊಳಗಿಟ್ಟರೆ ಗಾಳಿ ತಾಗದು, ದಪ್ಪ ಕಬ್ಬಿಣ ಕಾವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊದಲ ದಿನವೇ ಕಾವಲಿ ಚೆನ್ನಾಗಿ ಕಾಯಿತು. ಹಿಟ್ಟು ಮುಗಿಯುತ್ತ ಬಂದಾಗ ಮಗಳು ಎಡಿಲ್ಜಾಳನ್ನು ಕೂರಿಸಿ ಮಾರುಕಟ್ಟೆಗೆ ಹೊರಟಳು. ಡಬ್ಬಿಯ ಬದಲು ಡ್ರಮ್ಮಿನ ಅಂಚಿಗೆ ಹನಿ ಹಾಕು, ಮಿಕ್ಕಿದ್ದೆಲ್ಲ ಅದೇ ಎಂದು ಹೇಳಿದಳು. ಎಡಿಲ್ಜಾ ಕಿವಿಗೆ ಸಿಕ್ಕಿಸಿಕೊಂಡಿದ್ದ ಇಯರ್‌ಫೋನ್ ತೆಗೆದು, ಸರಿ ಅಂದಳು. ನಿನ್ನ ಕಿವಿಯನ್ನು ಯಾವಾಗಲೂ ಬಾಡಿಗೆಗೇ ಕೊಟ್ಟಿರುತ್ತೀಯ ಎಂದು ರೇಗಿಸಿ ಜೆನಿಲ್ಡಾ ಬಸ್ ಹತ್ತಿದಳು.

ವಾಪಸ್ಸು ಬರುವಷ್ಟರಲ್ಲಿ ಮಗಳನ್ನು ಆಸ್ಪತ್ರೆಗೆ ಸಾಗಿಸಿಯಾಗಿತ್ತು.

ಎದೆ, ಕತ್ತು, ಎರಡೂ ಕೈ ಬೆಂದಿದ್ದವು. ಮುಖ ಊದಿ ಗುರುತೇ ಸಿಗುವಂತಿರಲಿಲ್ಲ. ತಾಯಿಯನ್ನು ಕಂಡೊಡನೆ ಎಡಿಲ್ಜಾ ಹೇಳಿದ್ದು ಅದೊಂದೇ.

"ಹನಿ ಹಾಕ್ದೆ ಅಮ್ಮಾ. ಸದ್ದೇ ಬರ್ಲಿಲ್ಲ."

ಜೆನಿಲ್ಡಾಳಿಗೆ ಹೆದರಿಕೆಯಾದಾಗಲೆಲ್ಲ ಬರುವುದು ಸಿಟ್ಟು. ಅವತ್ತೂ ಅದೇ ಬಂತು.

"ಬರ್ದೆ ಏನ್ ಮಾಡುತ್ತೆ? ನಿನ್ ಗ್ಯಾನ ಎಲ್ಲಿತ್ತು? ಒಂದ್ನಿಮಿಷ ಕಾಯೋಕಾಗ್ಲಿಲ್ವಾ ನಿಂಗೆ?"

ಎಡಿಲ್ಜಾ, "ಇರ್ಬೋದು. ನಾನೇ ಸರಿಯಾಗಿ ಕೇಳಿಸ್ಕೊಂಡಿಲ್ವೇನೋ" ಅಂದಳು.

ಕೇಳಿದವರಿಗೆಲ್ಲ ಜೆನಿಲ್ಡಾ ಅದನ್ನೇ ಹೇಳಿದಳು. ಹುಡುಗಿಗೆ ತಾಳ್ಮೆಯಿಲ್ಲ, ಕಾಯಲಿಲ್ಲ, ಕೇಳಿಸಿಕೊಳ್ಳಲಿಲ್ಲ. ಓಣಿಯವರೂ ಹೌದೆಂದು ತಲೆಯಾಡಿಸಿದರು. ಆದರೂ ಅವಳಿಗೆ ಸಮಾಧಾನವಿರಲಿಲ್ಲ. ತಾನು ಕಲಿಸಿದ್ದು ತಪ್ಪಲ್ಲವೆಂದು ತನಗೇ ತೋರಿಸಿಕೊಳ್ಳಬೇಕಿತ್ತು. ಮರುದಿನ ಬೆಳಿಗ್ಗೆ ಅದೇ ಡ್ರಮ್ಮನ್ನು ಅಂಗಳಕ್ಕೆ ತಂದು, ಡಬ್ಬಿ ಇಟ್ಟು ಹೊತ್ತಿಸಿ, ಚೆನ್ನಾಗಿ ಕಾಯಲು ಬಿಟ್ಟಳು. ಬಾಟಲಿಯನ್ನು ದೂರ ಇಟ್ಟು, ಬೆರಳು ಅದ್ದಿಕೊಂಡು ಬಂದು ಹನಿ ಚಿಮುಕಿಸಿದಳು.

ಸದ್ದು ಬರಲಿಲ್ಲ. ಹನಿ ಕಬ್ಬಿಣಕ್ಕೆ ಅಂಟಲೂ ಇಲ್ಲ. ದುಂಡಗೆ ಮಣಿಯಾಗಿ, ಕೆಸುವಿನೆಲೆಯ ಮೇಲಿನ ನೀರಿನಂತೆ ಅಂಚಿನುದ್ದಕ್ಕೂ ಜಾರಿಕೊಂಡು ಹೋಗಿ ಕೆಳಗೆ ಬಿತ್ತು. ಅಂಗೈಯನ್ನು ಹತ್ತಿರ ತಂದರೆ ಕಬ್ಬಿಣದ ಝಳ ಮೊಣಕೈವರೆಗೂ ಹೊಡೆಯುತ್ತಿತ್ತು. ಇನ್ನೊಂದು ಹನಿ ಹಾಕಿದಳು. ಅದೂ ಹಾಗೆಯೇ ಜಾರಿತು, ಮೂಕಿಯಂತೆ. ಉರಿ ಪೂರ್ತಿ ಆರಿ, ಕಬ್ಬಿಣದ ಕಾವು ತುಸು ಇಳಿದ ಮೇಲಷ್ಟೇ ಹನಿ ಅಂಟಿಕೊಂಡು ಚುರ್ ಎಂದಿತು.

ತೀರ ತಣ್ಣಗಿದ್ದರೂ ಸದ್ದಿಲ್ಲ, ತೀರ ಕಾದಿದ್ದರೂ ಸದ್ದಿಲ್ಲ. ತೆಳ್ಳನೆಯ ಡಬ್ಬಿಯ ಅಂಚು ಯಾವತ್ತೂ ಅಷ್ಟು ಕಾದಿರಲಿಲ್ಲ, ಹಾಗಾಗಿ ಅವಳಿಗೆ ಒಂದೇ ಮೌನ ಗೊತ್ತಿತ್ತು. ಅದನ್ನೇ ಮಗಳಿಗೆ ಕಲಿಸಿದ್ದಳು. ಮಗಳು ಚಾಚೂ ತಪ್ಪದೆ ಹಾಗೆಯೇ ಮಾಡಿದ್ದಳು.

ಜೆನಿಲ್ಡಾ ಉಟ್ಟ ಬಟ್ಟೆಯಲ್ಲೇ ಓಡಿದಳು. ಬಸ್ಸು ಅಷ್ಟು ನಿಧಾನವಾಗಿ ಹೋದದ್ದನ್ನು ಅವಳು ಕಂಡೇ ಇರಲಿಲ್ಲ. ನೀನು ಹೇಳಿದ್ದೇ ನಿಜ ಎಂಬ ಮೂರು ಮಾತು ಮಗಳ ಕಿವಿಗೆ ಬಿದ್ದರೆ ಸಾಕಿತ್ತು, ಆಮೇಲೆ ದೇವರು ಏನು ಬೇಕಾದರೂ ಮಾಡಲಿ ಅಂದುಕೊಂಡಳು.

ನರ್ಸ್ ಬಾಗಿಲಲ್ಲೇ ತಡೆದಳು. ಉಸಿರಿನ ದಾರಿಯೂ ಸುಟ್ಟಿದೆಯೆಂದು ಬೆಳಿಗ್ಗೆ ಗಂಟಲಿಗೆ ಕೊಳವೆ ಹಾಕಿ, ಔಷಧ ಕೊಟ್ಟು ಮಲಗಿಸಿದ್ದರು.

"ಯಾವಾಗ ಏಳ್ತಾಳೆ? ಒಂದ್ ಮಾತು ಹೇಳ್ಬೇಕಿತ್ತು."

ನರ್ಸ್ ಅವಳನ್ನು ಹಾಸಿಗೆಯ ಬಳಿಗೆ ಕರೆದೊಯ್ದಳು. "ಜೆನಿಲ್ಡಾ ಅವ್ರೇ, ಔಷಧ ಕೊಡೋಕ್ಮುಂಚೆ ನಿಮ್ಗೊಂದ್ ಮಾತು ಹೇಳಿ ಅಂದಿದ್ಲು ನಿಮ್ ಮಗಳು. ಇನ್ನೊಂದ್ಸಲ ಗಮನ ಇಟ್ಟು ಕೇಳಿಸ್ಕೋತೀನಿ, ಅಮ್ಮಂಗೆ ಬೈಬೇಡ ಅನ್ನಿ ಅಂದ್ಲು."

ಜೆನಿಲ್ಡಾ ಹಾಸಿಗೆಯ ಪಕ್ಕ ಮಂಡಿಯೂರಿ ಬಟ್ಟೆ ಸುತ್ತಿದ್ದ ಕಿವಿಯ ಹತ್ತಿರ ಬಾಯಿ ತಂದಳು.

"ನಿನ್ ಕಿವಿ ಸರಿಯಾಗೇ ಇತ್ತು ಮಗಳೇ. ಸದ್ದು ಬರ್ಲೇ ಇಲ್ಲ."

ಮತ್ತೆ ಹೇಳಿದಳು. ಸ್ವಲ್ಪ ಗಟ್ಟಿಯಾಗಿ ಇನ್ನೊಮ್ಮೆ ಹೇಳಿದಳು. ಸಂಜೆ ಉಸಿರಾಟದ ಯಂತ್ರವನ್ನು ನಿಲ್ಲಿಸಿದ ಮೇಲೂ ಹೇಳುತ್ತಲೇ ಇದ್ದಳು. ಅವಳನ್ನು ಅಲ್ಲಿಂದ ಎಬ್ಬಿಸಲು ಇಬ್ಬರು ಬೇಕಾಯಿತು.