ಮೇಕೆ ಕೊಟ್ಟು ಕರೆದ ಹೆಸರು

ಆಯ್ಕೆ ಪಂದ್ಯದ ದಿನ ಬೆಳಗಾಗುತ್ತಲೇ ನನ್ನ ಬಾಣಲೆ ಮೈದಾನದ ಅಂಚಿನ ಒಲೆ ಏರಿತ್ತು. ನಾನು ಮಾರುವ ಕರಿದ ಬನ್ನು ಗ್ವಿನ್ಯಾ, ಅದರ ಹಿಟ್ಟು ಎಣ್ಣೆಯಲ್ಲಿ ದುಂಡಗೆ ಊದಿಕೊಳ್ಳುವುದನ್ನು ಕಂಡಾಗಲೆಲ್ಲ ನನಗೆ ನಮ್ಮ ಹುಡುಗನೇ ನೆನಪಾಗುತ್ತಾನೆ. ಅವನೂ ಹಾಗೇ ಊದಿಕೊಂಡು ಬೆಳೆದವನು. ನನ್ನ ತಂಗಿಯ ಮಗ, ಹೆಸರು ಮಖಾಯ. ಅಪ್ಪ ಅಮ್ಮ ಇಬ್ಬರೂ ದೂರದ ಗಣಿ ಊರಿನಲ್ಲಿ, ಹುಡುಗ ನನ್ನ ಮನೆಯಲ್ಲಿ. ರಗ್ಬಿಯಲ್ಲಿ ಎರಡೂ ತಂಡದವರು ಎದುರುಬದುರು ತಲೆ ಕೊಟ್ಟು ಸ್ಕ್ರಮ್ ಕಟ್ಟಿದಾಗ ಮೊದಲ ಸಾಲಿನ ಎಡಗಡೆ ತಲೆ ತೂರಿಸಿ ತಳ್ಳುವವನು, ಅಂದರೆ ನಂಬರ್ ಒಂದು. ಓಡಲು ಬಾರದು, ಚೆಂಡು ಹಿಡಿಯಲು ಬಾರದು. ಆದರೆ ಕಾಲೂರಿ ನಿಂತನೆಂದರೆ ಟ್ರ್ಯಾಕ್ಟರ್ ಕಟ್ಟಿ ಎಳೆದರೂ ಜಗ್ಗುವ ಪೈಕಿಯಲ್ಲ.

ಜಿಲ್ಲಾ ಶಾಲಾ ತಂಡದ ಆಯ್ಕೆಗೆ ಅವನು ಇದು ಮೂರನೆಯ ಸಲ ಬಂದದ್ದು. ಮೊದಲ ವರ್ಷ ಅವನ ಬೂಟು ಬಾಯಿ ಬಿಟ್ಟಿತು. ಮರುವರ್ಷ ಆಯ್ಕೆದಾರರು ಚಹಾ ಕುಡಿಯಲು ಹೋದ ಹೊತ್ತಿನಲ್ಲೇ ಹುಲಿಯಂತೆ ಆಡಿ, ಅವರು ಬಂದು ಕೂತಮೇಲೆ ಹಸುವಾದ. ಈ ವರ್ಷಕ್ಕೆ ಹದಿನೆಂಟು ತುಂಬುತ್ತದೆ, ಇನ್ನು ಶಾಲಾ ಹುಡುಗರ ತಂಡ ಅವನ ಪಾಲಿಗಿಲ್ಲ.

"ದೊಡ್ಡಮ್ಮ, ಈ ಸಲಾನೂ ಆಗ್ಲಿಲ್ಲ ಅಂದ್ರೆ ನನ್ ಬೂಟು ನಿನ್ನ ಒಲೆಗೆ ಹಾಕ್ಬಿಡು" ಅಂದ.

"ಆ ನಾತಕ್ಕೆ ನನ್ ಗಿರಾಕಿಗಳೆಲ್ಲ ಓಡೋಗ್ತಾರೆ ಕಣೋ. ಸುಮ್ನೆ ಆಯ್ಕೆ ಆಗಿ ಬಾ" ಅಂದೆ ನಾನು. ನಕ್ಕ. ಆದರೆ ಕೊಟ್ಟ ಗ್ವಿನ್ಯಾ ಮುಟ್ಟಲಿಲ್ಲ. ಆ ಹುಡುಗ ತಿಂಡಿ ಬಿಟ್ಟದ್ದನ್ನು ಅವನು ಹುಟ್ಟಿದಾರಭ್ಯ ನಾನು ಕಂಡಿರಲಿಲ್ಲ.

ಮಖಾಯ ಅನ್ನುವ ಹೆಸರು ಇಟ್ಟವನು ಅವನಪ್ಪ. ತಮ್ಮ ಕಾಲದಲ್ಲಿ ನಂಬರ್ ಒಂದು ಜರ್ಸಿ ತೊಟ್ಟು ಈ ಸೀಮೆಯ ಸ್ಕ್ರಮ್ಮುಗಳನ್ನೆಲ್ಲ ಪುಡಿಗಟ್ಟಿದ ಹಿರಿಯ ಮಖಾಯರ ಹೆಸರು ಅದು. ಆ ಹಿರಿಯರೇ ಈಗ ಆಯ್ಕೆ ಸಮಿತಿಯ ಅಧ್ಯಕ್ಷರು. ಆದರೆ ಅವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿಲ್ಲ. ನಮ್ಮಲ್ಲಿ ದೊಡ್ಡವರನ್ನು ಕುಲದ ಹೆಸರಿನಿಂದ ಕರೆಯುವುದು ರೂಢಿ, ಹಾಗಾಗಿ ಊರಿಗೆಲ್ಲ ಅವರು ತೋಲೊ. ಅವರ ಹೆಂಡತಿ ಮಾರಡೇಬೆಯಂತೂ ಮದುವೆಯಾಗಿ ಬಂದಾಗಿನಿಂದ ಗಂಡನ ಹೆಸರನ್ನು ತುಟಿಯ ಮೇಲೆ ತಂದವರಲ್ಲ. "ನಮ್ಮ ಹುಡುಗರಪ್ಪ" ಎನ್ನುವುದೇ ಅವರ ಬಾಯಲ್ಲಿ ಬರುವ ಅತಿ ದೊಡ್ಡ ಸಲುಗೆ.

ಅಂದು ತೋಲೊ ದೊಡ್ಡ ಕೊಡೆಯ ಕೆಳಗೆ ಕೆಟ್ಟುಹೋದ ಮೊಣಕಾಲಿನ ಕಾಲು ನೀಡಿಕೊಂಡು ಕೂತಿದ್ದರು. ಪಕ್ಕದಲ್ಲಿ ಮಾರಡೇಬೆ, ತೊಡೆಯ ಮೇಲೆ ಊರುಗೋಲು. ಇಬ್ಬರ ಹಿಂದೆ, ಹುಬ್ಬಿನವರೆಗೆ ತಲೆವಸ್ತ್ರ ಎಳೆದುಕೊಂಡು, ಹೆಗಲಿನ ಶಾಲಿಗೆ ಪಿನ್ನು ಚುಚ್ಚಿಕೊಂಡು, ಕೈಯಲ್ಲಿ ಮೈಕು ಹಿಡಿದು ನಿಂತಿದ್ದವಳು ನೋವುಯೊ. ಶಾಲೆಯ ಟೀಚರು, ತಂಡದ ಮ್ಯಾನೇಜರು, ಆ ಮನೆಗೆ ಮೂರು ತಿಂಗಳ ಹಿಂದೆ ಬಂದ ಸೊಸೆ.

ಸೊಸೆಯಾದವಳು ಮಾವನ ಹೆಸರು ಎತ್ತುವಂತಿಲ್ಲ. ಹೆಸರು ಹಾಗಿರಲಿ, ಅದರ ಸದ್ದಿರುವ ಮಾತನ್ನೂ ಆಡುವಂತಿಲ್ಲ. ನಾವು ಮನೆಗೆ ಇಖಾಯ ಅನ್ನುತ್ತೇವೆ. ಮಖಾಯರ ಸೊಸೆ ಆ ಮನೆಯಲ್ಲೇ ಇದ್ದುಕೊಂಡು ಮನೆ ಎನ್ನುವಂತಿಲ್ಲ, "ಒಲೆ ಇರೋ ಜಾಗ" ಅನ್ನಬೇಕು. ಬಾಯಿ ತಪ್ಪಿದರೆ, ಹೆಂಡತಿಯಾದರೂ ಸೊಸೆಯಾದರೂ, ತವರಿಗೆ ಹೋಗಿ ದಂಡದ ಮೇಕೆ ಹೊಡೆದುಕೊಂಡು ಬರಬೇಕು. ಇದನ್ನು ಕಾಯಲು ಅತ್ತೆಯ ಕಿವಿ ಸದಾ ನೆಟ್ಟಗೆ ನಿಂತಿರುತ್ತದೆ. ನಾನೂ ಸೊಸೆಯಾಗಿ ಇದೆಲ್ಲ ಉಂಡವಳೇ. ಆದರೂ ಅಂದು ನನ್ನ ಮಂದ ತಲೆಗೆ ಏನೂ ಹೊಳೆಯಲಿಲ್ಲ, ಏಕೆಂದರೆ ನನಗೆ ರೆಫರಿಯನ್ನು ಬಯ್ಯುವ ಕೆಲಸವಿತ್ತು.

ಆಯ್ಕೆ ಖಚಿತ ಎನಿಸಿದವರಿಗೆ ಹಸಿರು ಜರ್ಸಿ, ಉಳಿದವರಿಗೆ ಬಿಳಿ. ಆಟದ ನಡುವೆ ಬಿಳಿ ಹುಡುಗನೊಬ್ಬ ಕಣ್ಣಿಗೆ ಬಿದ್ದರೆ ಮ್ಯಾನೇಜರು ಮೈಕಿನಲ್ಲಿ ಅವನ ಹೆಸರು ಕರೆಯುತ್ತಾಳೆ. ಅವನು ಓಡಿ ಬಂದು, ತನ್ನ ಜಾಗದ ಹಸಿರು ಹುಡುಗನೊಂದಿಗೆ ಅಲ್ಲೇ ಜರ್ಸಿ ಬದಲಿಸಿಕೊಳ್ಳುತ್ತಾನೆ. ಹಸಿರು ಮೈಗೇರಿತೆಂದರೆ ಅರ್ಧ ಗೆದ್ದ ಹಾಗೆ. ನಂಬರ್ ಒಂದರ ಹಸಿರು ಜರ್ಸಿ ತೊಟ್ಟಿದ್ದವನು ಪೇಟೆ ಶಾಲೆಯ ಓಯಾಮ. ಅವನಪ್ಪ ಮಡಚುವ ಕುರ್ಚಿ, ಐಸ್ ಪೆಟ್ಟಿಗೆ ಸಮೇತ ಬಂದಿದ್ದ. ನಮ್ಮವನದು ಬಿಳಿ. ಎರವಲು ತಂದ ರಾಶಿಯಲ್ಲಿ ಅವನ ಮೈ ಹಿಡಿಸಿದ್ದು ಒಂದೇ ಒಂದು, ಅದರ ಬೆನ್ನಿನ ನಂಬರು ಒಗೆದೂ ಒಗೆದೂ ಅಳಿಸಿಹೋಗಿತ್ತು, ಹೊಕ್ಕುಳು ಹೊರಗೆ ಇಣುಕುತ್ತಿತ್ತು.

ಮೊದಲ ಸ್ಕ್ರಮ್ಮಿನಲ್ಲೇ ಮಖಾಯ ಎದುರಿನವನನ್ನು ತಳ್ಳಿದ. ತಳ್ಳಿದ ಅಂದರೆ, ಆ ಬಡಪಾಯಿ ಹಿಂದೆ ಹಿಂದೆ ಹೋಗಿ ನನ್ನ ಬಾಣಲೆಯ ಹತ್ತಿರ ಬಂದು ನಿಂತ.

"ಬಂದಿದ್ದೀಯ, ಎರಡು ಗ್ವಿನ್ಯಾ ತಗೊಂಡ್ ಹೋಗಪ್ಪ" ಅಂದೆ.

ತೋಲೊ ಕುರ್ಚಿಯ ತೋಳು ಕುಟ್ಟಿದರು. "ಮಗಳೇ, ಆ ಹೊಕ್ಕುಳದ ಹುಡುಗನ್ನ ಹಸಿರಿಗೆ ಹಾಕು!"

ನೋವುಯೊ ಪಟ್ಟಿ ನೋಡಿದಳು, ಮೈಕು ಎತ್ತಿದಳು, ಇಳಿಸಿದಳು. ಅತ್ತೆಯತ್ತ ಒಮ್ಮೆ ನೋಡಿ ಮತ್ತೆ ಎತ್ತಿದಳು. "ಬೇಲೆ ಕುಲದ ಹುಡುಗ... ಬಾಪ್ಪಾ ಇಲ್ಲಿ."

ಬೇಲೆ ಕುಲದವರು ನಾಲ್ಕು ಜನ ಬಂದರು. ಒಬ್ಬ ಹುಡುಗನೂ ಅಲ್ಲ, ಗೆರೆ ಕಾಯುವ ಲೈನ್ಸ್‌ಮನ್ನು. ಸ್ಕ್ರಮ್ಮಿನ ಅಡಿಯಲ್ಲಿ ಕಿವಿ ಹುದುಗಿಸಿಕೊಂಡಿದ್ದ ನಮ್ಮ ಬೇಲೆ ಹುಡುಗ ಮಖಾಯನಿಗೆ ಮಾತ್ರ ಏನೂ ಕೇಳಿಸಿರಲಿಲ್ಲ.

"ಇವ್ರಲ್ಲಮ್ಮ!" ಎಂದು ತೋಲೊ ಗುಡುಗಿದರು.

"ಸರಿ ಮಾವ... ದಪ್ಪಗಿರೋ ಹುಡುಗ ಬರ್ಬೇಕು!"

ಲೋಕದಲ್ಲಿ ಯಾವ ದಪ್ಪ ಹುಡುಗ ಅದಕ್ಕೆ ಓಗೊಟ್ಟಾನು? ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಖಾಯ ಪಕ್ಕದವನತ್ತ ಬೆರಳು ಮಾಡಿದ. ಪಕ್ಕದವನು ರೇಗಿ ಅವನನ್ನು ನೂಕಿದ, ರೆಫರಿ ಸೀಟಿ ಊದಿದ. ಕೊನೆಗೆ ಓಯಾಮನ ಅಪ್ಪ ಎದ್ದು, "ಟೀಚರ್, ನಮ್ಮುಡುಗ ಆಗ್ಲೇ ಹಸಿರಲ್ಲಿದ್ದಾನೆ ಬಿಡಿ" ಅಂದ. ತಾನೇ ಹೋಗಿ ಹುಡುಗನ ತೋಳು ಹಿಡಿದು ಎಳೆದು ತರೋಣವೆಂದರೆ ಮಾವನ ಎದುರು ಅಡ್ಡ ಹಾಯಬೇಕು, ಅದೂ ಕೂಡದು. ಪಾಪದ ಹುಡುಗಿ ಬೆವರಿ ಹೋದಳು.

ನನಗಂತೂ ಮೈಯೆಲ್ಲ ಉರಿಯಿತು. "ಅಡ್ಡಗೋಡೆ ಮೇಲೆ ದೀಪ ಇಡ್ಬೇಡಮ್ಮಾ! ಹೆಸರು ಹೇಳು, ಹೆಸರು! ಟೀಚರಾಗಿ ಹಾಜರಿ ಕರಿಯಕ್ಕೂ ಬರಲ್ವಾ ನಿಂಗೆ?" ಎಂದು ಅರಚಿದೆ. ಮಾರಡೇಬೆ ತಿರುಗಿ ನನ್ನನ್ನು ನೋಡಿದ ನೋಟಕ್ಕೆ ಎಣ್ಣೆ ಆರಿ ಹೋಗಬೇಕಿತ್ತು. ನಾನು ಬಿಡಲಿಲ್ಲ. ಮ್ಯಾನೇಜರನ್ನು ಬಯ್ದೆ, ರೆಫರಿಯನ್ನು ಬಯ್ದೆ, ಮೈದಾನಕ್ಕೆ ನುಗ್ಗಿದ ಹಸುಗಳನ್ನೂ ಬಯ್ದೆ. ಆಟ ಮುಗಿಯುವ ಹೊತ್ತಿಗೆ ನನ್ನ ಗಂಟಲು ಪೂರ್ತಿ ಕಟ್ಟಿಹೋಗಿ, ಬಾಯಿ ಬಿಟ್ಟರೆ ಇಲಿಮರಿಯ ಕೀಚು ಮಾತ್ರ ಹೊರಡುತ್ತಿತ್ತು.

ಮಖಾಯ ಬಿಳಿಯಲ್ಲೇ ಆಟ ಮುಗಿಸಿ ಬಂದು ನನ್ನ ಡಬ್ಬದ ಮೇಲೆ ಕುಸಿದು ಕೂತ.

"ಒಂದೇ ಒಂದ್ಸಲಾನೂ ನನ್ ಹೆಸರು ಕರೀಲಿಲ್ಲ ದೊಡ್ಡಮ್ಮ."

"ಕೀಚ್" ಅಂದೆ.

"ನೀನೂ ಅಳ್ಬೇಡ. ನಾನು ಟ್ಯಾಕ್ಸಿ ಹತ್ತಿ ಹೋಗ್ತೀನಿ. ಓಯಾಮ ಹಲ್ಲು ಕಿರಿಯೋದನ್ನ ನೋಡಕ್ಕೆ ನನ್ ಕೈಲಾಗಲ್ಲ." ಬೂಟುಗಳನ್ನು ನನ್ನ ಒಲೆಯ ಪಕ್ಕ ಇಟ್ಟು, ಬರಿಗಾಲಲ್ಲಿ ದಿಣ್ಣೆಯ ಮೇಲಿನ ರಸ್ತೆಗೆ ಹೊರಟುಹೋದ. ಹಿಡಿದೆಳೆದರೆ ನಿಲ್ಲುವ ಗಾತ್ರವೇ ಅದು?

ಇತ್ತ ತಂಡದ ಹೆಸರುಗಳನ್ನು ಓದಲು ಶುರುವಾಯಿತು. ನಮ್ಮಲ್ಲಿ ಹದಿನೈದರಿಂದ ಓದಿಕೊಂಡು ಒಂದಕ್ಕೆ ಇಳಿಯುತ್ತಾರೆ. ಅದರ ಮೇಲೆ ತೋಲೊ ಅವರದೇ ಒಂದು ಕಟ್ಟಳೆ: ಮೂರು ಸಲ ಕರೆಯುವುದರೊಳಗೆ ಹುಡುಗ ಬಂದು ಅಧ್ಯಕ್ಷರ ಕೈ ಕುಲುಕಬೇಕು, ಇಲ್ಲವಾದರೆ ಜರ್ಸಿ ಎರಡನೆಯವನಿಗೆ. ತನ್ನ ಹೆಸರೇ ಕಿವಿಗೆ ಬೀಳದವನಿಗೆ ಆಟದಲ್ಲಿ ಕರೆ ಕೇಳಿಸುತ್ತದೆಯೇ ಎನ್ನುವುದು ಅವರ ವಾದ. ನೋವುಯೊ ಗಿಣಿಯಂತೆ ಪಟಪಟ ಓದಿಕೊಂಡು ಬಂದಳು. ಮೂರು ಆಯಿತು, ಎರಡು ಆಯಿತು.

"ನಂಬರ್ ಒಂದು..." ಎಂದು ನಿಂತಳು. "ಒಂದು... ಒಂದು ಯಾರಪ್ಪಾ ಅಂದ್ರೆ... ಒಲೆ ಇರೋ ಜಾಗ... ಅಯ್ಯೋ ದೇವ್ರೇ."

ಆಗ ನನಗೆ ಅರ್ಥವಾಯಿತು. ಬೆಳಗಿನಿಂದ ನಾನು ಬಯ್ದದ್ದೆಲ್ಲ ನನಗೇ ಬಡಿದ ಹಾಗಾಯಿತು. ನಮ್ಮ ಹುಡುಗ ಆಯ್ಕೆಯಾಗಿದ್ದಾನೆ! "ಮಖಾಯ!" ಎಂದು ಕೂಗಿದೆ. "ಕೀಚ್" ಎಂದು ಹೊರಟಿತು. ಪಕ್ಕದಲ್ಲಿದ್ದ ನಾಯಿ ಮಾತ್ರ ತಿರುಗಿ ನೋಡಿತು.

ತೋಲೊಗೂ ಆಗಲೇ ಹೊಳೆದಿರಬೇಕು. ಎದ್ದು ನಿಂತು, ಎದೆ ಉಬ್ಬಿಸಿ, "ನಂಬರ್ ಒಂದು, ಮಖಾಯ!" ಎಂದು ಘೋಷಿಸಿದರು.

ಗುಂಪಿನಿಂದ ಯಾರೋ ಕಿರುಚಿದ, "ಲೇ, ಚೇರ್ಮನ್ನರು ತಮ್ಮನ್ನ ತಾವೇ ಆರಿಸ್ಕೊಂಡ್ರು ಕಣ್ರೋ!"

ನಗುವಿನ ಹುಯಿಲೆದ್ದಿತು. "ಹುಟ್ಟಿದ ತಾರೀಖಿನ ಸರ್ಟಿಫಿಕೇಟ್ ತೋರ್ಸಿ ತೋಲೊ!" "ಮೊಣಕಾಲು ಹದಿನೆಂಟರ ಒಳಗಿದ್ಯಾ?" ಹಳೆಯ ತಂಡದ ಮುದುಕರಿಬ್ಬರು ಸಂತೋಷ ತಡೆಯಲಾರದೆ ಬಂದು ಅವರನ್ನು ಹೆಗಲ ಮೇಲೆ ಹೊತ್ತೇಬಿಟ್ಟರು. ಸುತ್ತ ಹಾಡು, ಕುಣಿತ. "ನಾನಲ್ಲ ಕಣ್ರೋ! ಹುಡುಗ! ಮಖಾಯ!" ಎಂದು ಮೇಲಿನಿಂದ ಅವರು ಒದ್ದಾಡಿದಷ್ಟೂ ಹಾಡು ಜೋರಾಯಿತು.

ಓಯಾಮನ ಅಪ್ಪನೊಬ್ಬನೇ ನಗಲಿಲ್ಲ. ಅವನು ಬೆರಳು ಮಡಿಸುತ್ತಿದ್ದ. "ಎರಡು ಸಲ ಆಯ್ತು. ಇನ್ನೊಂದೇ. ರೂಲು ಅಂದ್ರೆ ರೂಲು."

ದಿಣ್ಣೆಯ ಮೇಲೆ ಟ್ಯಾಕ್ಸಿ ವ್ಯಾನು ಗುಡುಗುಡು ಅನ್ನುತ್ತಿತ್ತು. ಮಖಾಯ ಆಗಲೇ ಒಳಗೆ ಕೂತಿದ್ದ. ಭರ್ತಿಯಾಗದೆ ಅದು ಹೊರಡುವುದಿಲ್ಲ, ಇನ್ನೊಂದೇ ಸೀಟು ಖಾಲಿ. ಆ ಸೀಟಿಗಾಗಿ ಹೆಂಗಸೊಬ್ಬಳು ತಲೆಯ ಮೇಲೆ ಎಲೆಕೋಸಿನ ಮೂಟೆ ಹೊತ್ತು ತೂಗಾಡುತ್ತ ದಿಣ್ಣೆ ಹತ್ತುತ್ತಿದ್ದಳು. ಅವಳು ಎಡವಲಿ ಎಂದು ನಾನು ನಮ್ಮ ಪೂರ್ವಜರಿಗೆಲ್ಲ ಹರಕೆ ಹೊತ್ತೆ.

ಓಡಿಹೋಗಿ ಮಾರಡೇಬೆಯ ಮೊಣಕಾಲು ಹಿಡಿದುಕೊಂಡೆ. ಟ್ಯಾಕ್ಸಿಯತ್ತ ಕೈ ತೋರಿಸಿ ಕೀಚು ಕೀಚು ಅಂದೆ, ಕಣ್ಣಲ್ಲಿ ನೀರು ಸುರಿಯಿತು. ಆಕೆ ಟ್ಯಾಕ್ಸಿ ನೋಡಿದರು. ಹೆಗಲೇರಿ ತೇಲುತ್ತಿದ್ದ ಗಂಡನನ್ನು ನೋಡಿದರು. ಸೊಸೆಯನ್ನು ನೋಡಿದರು. ನೋವುಯೊ ಕಣ್ಣು ಮುಚ್ಚಿ, ಮೈಕನ್ನು ತುಟಿಗೆ ತಂದು, "ಮ..." ಎಂದು ತೊದಲುತ್ತಿದ್ದಳು.

ಮಾರಡೇಬೆ ಎದ್ದು ಮೈಕು ಕಿತ್ತುಕೊಂಡರು. "ಕೊಡಿಲ್ಲಿ. ನಿನ್ ತವರಲ್ಲಿ ಇರೋದೇ ಎರಡು ಮೇಕೆ, ಅದ್ರಲ್ಲಿ ಒಂದು ಕುಂಟು."

ಆಮೇಲೆ ಕೂಗಿದರು.

"ಮಖಾಯಾ!"

ಅಷ್ಟು ವರ್ಷ ಒಳಗೇ ಇಟ್ಟು ಮಾಗಿಸಿದ ಕೂಗು ಅದು. ಹಾಡು ನಿಂತಿತು. ಹಸುಗಳು ಮೇಯುವುದನ್ನು ನಿಲ್ಲಿಸಿದವು. ಟ್ಯಾಕ್ಸಿಯವನು ಎಂಜಿನ್ ಆರಿಸಿದ. ಹೆಗಲ ಮೇಲಿದ್ದ ತೋಲೊ, "ಬಂದೆ, ಬಂದೆ!" ಎನ್ನುತ್ತ ಆ ಕೆಟ್ಟ ಮೊಣಕಾಲಿನಲ್ಲೇ ಕೆಳಗೆ ಹಾರಿ, ಹೆಂಡತಿಯ ಮುಂದೆ ಕೈಕಟ್ಟಿ ನಿಂತರು.

"ನೀವಲ್ಲ" ಎಂದರು ಮಾರಡೇಬೆ ಮೈಕಿನಲ್ಲೇ. "ಆ ಹುಡುಗ."

ಓಡಲು ಬಾರದ ಹುಡುಗ ಓಡಿ ಬಂದ. ಟ್ಯಾಕ್ಸಿಯ ಬಾಗಿಲಲ್ಲಿ ಆ ಹೆಂಗಸಿಗೆ ಡಿಕ್ಕಿ ಹೊಡೆದ, ಮೂಟೆ ಬಿಚ್ಚಿತು, ದಿಣ್ಣೆಯಿಂದ ಎಲೆಕೋಸುಗಳು ಅವನ ಹಿಂದೆಯೇ ಉರುಳಿಕೊಂಡು ಬಂದವು. ಹಿಂದಿನಿಂದ ಅವಳ ಬೈಗುಳ. ಪುಟಿದು ಬಂದ ಒಂದು ಕೋಸನ್ನು, ಚೆಂಡು ಹಿಡಿಯಲು ಬಾರದವನು, ಲಬಕ್ಕನೆ ಕಂಕುಳಿಗೆ ಸೇರಿಸಿಕೊಂಡ. ಓಯಾಮನ ಅಪ್ಪ "ಮೂರು..." ಎಂದು ಬೆರಳು ಮಡಿಸುವುದರೊಳಗೆ ಬಂದು ಅಧ್ಯಕ್ಷರ ಕೈ ಹಿಡಿದಿದ್ದ. ಕೋಸನ್ನು ಏನು ಮಾಡಬೇಕೆಂದು ತೋಚದೆ ಅದನ್ನೂ ಅವರಿಗೇ ಕೊಟ್ಟ.

ನಂಬರ್ ಒಂದು ಜರ್ಸಿ ಅವನ ಹೊಕ್ಕುಳನ್ನು ಮುಚ್ಚಿತು. ಅವನು ಜರ್ಸಿಯೊಳಗೆ ಮುಖ ಹುದುಗಿಸಿ ಅತ್ತ. ನಾನು ಬೂಟು ಎದೆಗವಚಿಕೊಂಡು ಅತ್ತೆ. ಅಂಥ ಸಂತೋಷ ನನ್ನ ಮದುವೆಯಲ್ಲೂ ಆಗಿರಲಿಲ್ಲ, ಆ ನಾತದಲ್ಲೂ ಸಂತೋಷವೇ ಆಯಿತು.

ಆಮೇಲೆ ಎಲ್ಲರ ಕಣ್ಣು ಮಾರಡೇಬೆಯ ಮೇಲೆ. ದಂಡದ ಮಾತು ಎತ್ತುವ ಧೈರ್ಯ ಯಾರಿಗೂ ಇಲ್ಲ.

"ಏನ್ ನೋಡ್ತೀರಾ? ದಂಡ ಅಂದ್ರೆ ದಂಡ. ಮೇಕೆ ತರ್ತೀನಿ" ಎಂದರು.

ತಂದರು ಕೂಡ. ಊರುಗೋಲು ಹಿಡಿದು ತವರಿಗೆ ಹೋದರು. ಅವರಣ್ಣ, ಹಲ್ಲೆಲ್ಲ ಉದುರಿದ ಮುದುಕ, "ಈ ವಯಸ್ಸಲ್ಲಿ ಬಾಯಿ ಜಾರಿ ದಂಡಕ್ಕೆ ಬಂದ ಹೆಣ್ಣು ಈ ಸೀಮೆಲಿ ನೀನೊಬ್ಳೇ" ಎಂದು ಗೊಣಗುತ್ತಲೇ ಒಂದು ಕೊಬ್ಬಿದ ಹೋತವನ್ನು ಹಗ್ಗದ ಸಮೇತ ಕೊಟ್ಟನಂತೆ. ತಂಡ ಹೊರಡುವ ಮುನ್ನ ಅದನ್ನು ಕಡಿದೆವು. ಒಂದು ಇಡೀ ತೊಡೆ ನಮ್ಮ ಹುಡುಗನದು. ನೋವುಯೊ ಅತ್ತೆಗೆ ಬಡಿಸುತ್ತ ಶಾಲಿನ ಮರೆಯಲ್ಲಿ ನಕ್ಕಳು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ಅಂದು ಇಬ್ಬರದೂ ಒಟ್ಟಿಗೇ ಬಂದಿತ್ತು.

ಅಲ್ಲಿಗೆ ಮುಗಿಯಿತು ಅಂದುಕೊಂಡೆವು. ಮಾರನೆಯ ದಿನದಿಂದ ಶುರುವಾಯಿತು. "ಮಖಾಯ, ನೀರು ತಾ! ಮಖಾಯ, ಕೋಳಿ ಮುಚ್ಚು! ಮಖಾಯ, ಸುಮ್ನೆ ಕರ್ದೆ, ಹೋಗು!" ಮಾರಡೇಬೆ ಗಂಡನನ್ನು ಕರೆಯುವುದು ಬೀದಿಗೆಲ್ಲ ಕೇಳುತ್ತಿತ್ತು. ತೋಲೊ ಬಂದು ನನ್ನ ಬಾಣಲೆಯ ಮುಂದೆ ತಲೆ ಹಿಡಿದುಕೊಂಡು ಕೂತರು. ಪಾಪ ಅನಿಸಿ ನಾನೇ ಹೋಗಿ ಮಾರಡೇಬೆಯನ್ನು ಕೇಳಿದೆ.

"ಒಂದು ಹೋತ ಕೊಟ್ಟಿದ್ದೀನಿ ಮಾಜೀಜಿ" ಎಂದರು ಆಕೆ, ನನ್ನ ಕುಲದ ಹೆಸರು ಹಿಡಿದು. "ಒಂದೇ ಕೂಗಿಗೆ ಅಷ್ಟು ಬೆಲೆನಾ? ಪೂರ್ತಿ ವಸೂಲಿ ಮಾಡೇ ಬಿಡೋದು."

ತಂಡದ ಮೊದಲ ಪಂದ್ಯಕ್ಕೆ ನಾವೆಲ್ಲ ವ್ಯಾನು ಮಾಡಿಕೊಂಡು ಹೋದೆವು. ಮೊದಲ ಸ್ಕ್ರಮ್ ಕಟ್ಟಿತು. ನಮ್ಮ ಹುಡುಗ ತಲೆ ತೂರಿಸಿದ. ನೋಡುವವರ ಮೆಟ್ಟಿಲ ಮೇಲೆ, ನನ್ನ ಪಕ್ಕದಲ್ಲಿ ಮಾರಡೇಬೆ ಎದ್ದು ನಿಂತು, ಎರಡೂ ಕೈ ಬಾಯಿಗಿಟ್ಟು ಕೂಗಿದರು, "ಮಖಾಯಾ, ತಳ್ಳು!"

ಮೈದಾನದಲ್ಲಿ ಹುಡುಗ ತಳ್ಳಿದ, ಎದುರಿನ ಸಾಲು ಹಿಂದಕ್ಕೆ ಹೋಯಿತು. ಇತ್ತ ಕುರ್ಚಿಯಲ್ಲಿದ್ದ ತೋಲೊ ಕೂಡ ತಲೆ ತಗ್ಗಿಸಿ, ಭುಜ ಕೊಟ್ಟು ತಳ್ಳಿದರು. ಅವರ ಮುಂದೆ ಕೂತು ಐಸ್ ಪೆಟ್ಟಿಗೆ ಬಿಚ್ಚುತ್ತಿದ್ದ ಓಯಾಮನ ಅಪ್ಪ, ಕುರ್ಚಿ ಸಮೇತ ಮೂರು ಮೆಟ್ಟಿಲು ಕೆಳಗೆ ಹೋದ.